ಕುಡಿತ ಬಿಡುವವರ ಗುಂಪು: ಹುಡುಕುವ ಬಗೆ, ಹೋಗುವ ಬಗೆ

ಶಬರಿಮಲೆಗೆ ಮಾಲೆ ಹಾಕಿದ 41 ದಿನ ಒಂದು ಹನಿಯನ್ನೂ ಮುಟ್ಟದವರು, ಶ್ರಾವಣ ಮಾಸವಿಡೀ ಬಾರಿನ ಕಡೆ ತಲೆ ಹಾಕದವರು, ಮನೆದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿ ಆರು ತಿಂಗಳು ನಡೆಸಿಕೊಂಡವರು ನಮ್ಮ ಪ್ರತಿ ಊರಿನಲ್ಲೂ ಸಿಗುತ್ತಾರೆ. ಇಂಥವರಿಗೆ ಕುಡಿತ ನಿಲ್ಲಿಸಲು ಬರುವುದಿಲ್ಲ ಎಂದು ಹೇಳುವುದು ಸರಿಯಲ್ಲ. ಅವರಲ್ಲಿ ಬಹಳ ಮಂದಿ ಹತ್ತಾರು ಸಲ ನಿಲ್ಲಿಸಿದ್ದಾರೆ. ತೊಡಕಿರುವುದು ಮಾಲೆ ತೆಗೆದ ಮರುದಿನದ ಸಂಜೆಯಲ್ಲಿ. ಆರೂವರೆ ಆಗುತ್ತಿದ್ದಂತೆ ಕಾಲು ತಾನಾಗಿ ಆ ಕಡೆಗೆ ತಿರುಗುತ್ತದೆ, ಆಗ ಹಿಡಿದು ನಿಲ್ಲಿಸುವ ವ್ರತವೂ ಇರುವುದಿಲ್ಲ, ಮನುಷ್ಯರೂ ಇರುವುದಿಲ್ಲ.

ಕುಡಿತ ಬಿಡುವವರ ಸಹಾಯಕ ಗುಂಪು ಈ ಸಂಜೆಗಾಗಿ ಇರುವ ಏರ್ಪಾಡು. ಕುಡಿದು ಬದುಕು ಕೆಡಿಸಿಕೊಂಡವರು, ಬಿಟ್ಟು ಹತ್ತಿಪ್ಪತ್ತು ವರ್ಷವಾದವರು, ನಿನ್ನೆಯಷ್ಟೇ ಬಿಟ್ಟವರು ಒಂದು ಕೋಣೆಯಲ್ಲಿ ಕುಳಿತು, ಸರದಿಯಂತೆ ತಮ್ಮ ಮಾತು ಹೇಳಿ, ಉಳಿದವರ ಮಾತು ಕೇಳಿ, ಚಹಾ ಕುಡಿದು ಮನೆಗೆ ಹೋಗುತ್ತಾರೆ. ನನ್ನ ಹತ್ತಿರದ ಸಂಬಂಧಿಯೊಬ್ಬರನ್ನು ಹೀಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂದಾಗ ನನಗೆ ಇಷ್ಟೂ ತಿಳಿದಿರಲಿಲ್ಲ. ಎಲ್ಲಿ ಕೇಳಬೇಕು, ಒಳಗೆ ಏನು ನಡೆಯುತ್ತದೆ, ಎಷ್ಟು ದಿನ ಹೋಗಬೇಕು ಎಂಬುದನ್ನು ತಪ್ಪು ಮಾಡಿಯೇ ಕಲಿತೆವು. ಕರ್ನಾಟಕದಲ್ಲಿ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು, ಕುಡಿತ ಬಿಡಬೇಕೆಂದಿರುವವರಿಗೂ ಅವರ ಮನೆಯವರಿಗೂ ಇದನ್ನು ಬರೆಯುತ್ತಿದ್ದೇನೆ.

ಗುಂಪಿಗಿಂತ ಮೊದಲು ಡಾಕ್ಟರು

ಬೆಳಿಗ್ಗೆ ಎದ್ದೊಡನೆ ಕೈ ನಡುಗುವುದು, ಒಂದು ನೈಂಟಿ ಹಾಕಿದ ಮೇಲಷ್ಟೇ ನಡುಕ ನಿಲ್ಲುವುದು, ಇಂಥ ಸ್ಥಿತಿಗೆ ಬಂದವರು ಗುಂಪಿಗೆ ಹೋಗುವ ಉತ್ಸಾಹದಲ್ಲಿ ಏಕಾಏಕಿ ಕುಡಿತ ನಿಲ್ಲಿಸಬಾರದು. ವರ್ಷಗಟ್ಟಲೆ ಪ್ರತಿದಿನ ಕುಡಿದ ದೇಹಕ್ಕೆ ಮದ್ಯ ಸಿಗದೆ ಹೋದರೆ ಕೆಲವೇ ಗಂಟೆಗಳಲ್ಲಿ ಬೆವರು, ನಡುಕ, ವಾಂತಿ, ನಿದ್ರೆಗೇಡು ಶುರುವಾಗುತ್ತದೆ. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಇನ್ನು ಕೆಲವರು ದಿಕ್ಕು ತಪ್ಪಿದವರಂತಾಗಿ, ಗೋಡೆಯ ಮೇಲೆ ಹುಳ ಹರಿದಂತೆ ಕಂಡು, ಇಲ್ಲದವರೊಡನೆ ಮಾತಾಡತೊಡಗುತ್ತಾರೆ. ಹಳ್ಳಿಗಳಲ್ಲಿ ಇದನ್ನು ಗಾಳಿ ಸೋಕಿದೆ ಎಂದುಕೊಂಡು ಮಂತ್ರ ಹಾಕಿಸಲು ಹೋಗಿ ಅಮೂಲ್ಯವಾದ ಹೊತ್ತು ಕಳೆಯುವುದುಂಟು. ಇದು ಜೀವಕ್ಕೇ ಕುತ್ತು ತರುವ ಸ್ಥಿತಿ. ಇಂಥ ಲಕ್ಷಣ ಕಂಡರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು. ಅಲ್ಲಿ ಕೊಡುವ ನಿದ್ರೆಯ ವರ್ಗದ ಮಾತ್ರೆಗಳೂ ಥಯಮಿನ್ ಎಂಬ ಬಿ1 ವಿಟಮಿನ್ನಿನ ಚುಚ್ಚುಮದ್ದೂ ಒಂದು ವಾರದ ಈ ಹಾದಿಯನ್ನು ಬಹುಮಟ್ಟಿಗೆ ಅಪಾಯವಿಲ್ಲದೆ ದಾಟಿಸುತ್ತವೆ. ಆ ಮಾತ್ರೆಗಳನ್ನು ಔಷಧದಂಗಡಿಯಿಂದ ನೀವೇ ತಂದು ನುಂಗುವುದು ಮಾತ್ರ ಬೇಡ.

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗದಲ್ಲಿಯೂ ಚಿಕಿತ್ಸೆ ಸಿಗುತ್ತದೆ, ತಾಲ್ಲೂಕು ಆಸ್ಪತ್ರೆಗೆ ಮಂಗಳವಾರಗಳಂದು ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನೂ ವಿಚಾರಿಸಬಹುದು. ಫೋನಿನಲ್ಲಿ ಸಲಹೆ ಬೇಕಾದವರು ವ್ಯಸನಮುಕ್ತಿಗಾಗಿ ಕೇಂದ್ರ ಸರ್ಕಾರ ನಡೆಸುವ 14446ಕ್ಕೆ, ಮನಸ್ಸಿನ ಯಾವುದೇ ಸಂಕಟಕ್ಕೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಎರಡಕ್ಕೂ ದುಡ್ಡಿಲ್ಲ, ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು.

ಆಸ್ಪತ್ರೆಯವರು ಬಿಡುಗಡೆ ಮಾಡುವ ದಿನ ವಾರ್ಡಿನ ಸಮಾಜ ಕಾರ್ಯಕರ್ತರನ್ನು ಹುಡುಕಿ, “ನಮ್ಮ ಊರಿನ ಹತ್ತಿರ ಮೀಟಿಂಗ್ ಎಲ್ಲಿ ನಡೆಯುತ್ತದೆ?” ಎಂದು ಕೇಳಿ ಬರೆದುಕೊಳ್ಳಿ. ನಾವು ಈ ಪ್ರಶ್ನೆ ಕೇಳದೆ ಮಾತ್ರೆಯ ಚೀಟಿ ಮಾತ್ರ ಹಿಡಿದುಕೊಂಡು ಬಂದಿದ್ದೆವು. ಹದಿನೇಳನೆಯ ದಿನ ಮತ್ತೆ ಕ್ವಾರ್ಟರ್ ಬಾಟಲಿ ಮನೆಗೆ ಬಂತು.

ಯಾವ ಯಾವ ಗುಂಪುಗಳಿವೆ

ಎಲ್ಲಕ್ಕಿಂತ ಹೆಚ್ಚು ಹರಡಿರುವುದು ಆಲ್ಕೊಹಾಲಿಕ್ಸ್ ಅನಾನಿಮಸ್, ಹೋಗುವವರೆಲ್ಲ ಎ.ಎ. ಎಂದಷ್ಟೇ ಹೇಳುತ್ತಾರೆ. 1935ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಪಟ್ಟಣದಲ್ಲಿ ಒಬ್ಬ ಷೇರು ದಲ್ಲಾಳಿಯೂ ಒಬ್ಬ ಶಸ್ತ್ರವೈದ್ಯರೂ, ಇಬ್ಬರೂ ಕುಡಿತದಿಂದ ಸೋತವರು, ಒಬ್ಬರಿಗೊಬ್ಬರು ತಮ್ಮ ಕಥೆ ಹೇಳಿಕೊಳ್ಳುವುದರಿಂದಲೇ ಆ ದಿನ ಕುಡಿಯದೆ ಇರಬಹುದೆಂದು ಕಂಡುಕೊಂಡಲ್ಲಿಂದ ಇದು ಶುರುವಾಯಿತು. ಭಾರತದಲ್ಲಿ ಇದು 1957ರಲ್ಲಿ ಮುಂಬಯಿಯಲ್ಲಿ ಬೇರೂರಿತು. ಸದಸ್ಯತ್ವಕ್ಕೆ ಬೇಕಾದ ಅರ್ಹತೆ ಒಂದೇ, ಕುಡಿತ ನಿಲ್ಲಿಸಬೇಕೆಂಬ ಬಯಕೆ. ಶುಲ್ಕವಿಲ್ಲ, ಅರ್ಜಿಯಿಲ್ಲ, ಹಾಜರಿ ಪುಸ್ತಕವಿಲ್ಲ. ಕೊನೆಯಲ್ಲಿ ಒಂದು ಚೀಲ ಸುತ್ತಿ ಬರುತ್ತದೆ, ಇಷ್ಟವಿದ್ದವರು ಹತ್ತಿಪ್ಪತ್ತು ರೂಪಾಯಿ ಹಾಕುತ್ತಾರೆ, ಅದು ಕೋಣೆಯ ಬಾಡಿಗೆಗೂ ಚಹಾಕ್ಕೂ ಹೋಗುತ್ತದೆ. ಹೊರಗಿನವರ ದೇಣಿಗೆಯನ್ನು ಅವರು ತೆಗೆದುಕೊಳ್ಳುವುದಿಲ್ಲ.

ಕುಡುಕರು ಕೂತು ಮಾತಾಡಿಕೊಂಡರೆ ಏನಾದೀತು ಎಂದು ಕೇಳುವವರಿಗೆ ಒಂದು ಉತ್ತರವಿದೆ. 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ಒಟ್ಟಿಗಿಟ್ಟು ನೋಡಿದ 2020ರ ಕೊಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಅಂತರರಾಷ್ಟ್ರೀಯ ಸಂಸ್ಥೆ) ವಿಮರ್ಶೆ, ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ ಎ.ಎ. ಮತ್ತು ಅದಕ್ಕೆ ಜನರನ್ನು ಕ್ರಮವಾಗಿ ಜೋಡಿಸುವ ಚಿಕಿತ್ಸೆಯು ಹೆಸರಾಂತ ಇತರ ಮನೋಚಿಕಿತ್ಸೆಗಳಿಗಿಂತ ಮುಂದಿದೆ ಎಂದು ಕಂಡುಕೊಂಡಿತು. ಎಲ್ಲರಿಗೂ ಅದು ಹಿಡಿಸುತ್ತದೆ ಎಂದು ಇದರ ಅರ್ಥವಲ್ಲ. ಹೋಗಿ ನೋಡುವುದಕ್ಕೆ ಸಾಕಷ್ಟು ಕಾರಣವಿದೆ ಎಂದಷ್ಟೇ ಅರ್ಥ.

ಹಳ್ಳಿಗಾಡಿನವರಿಗೆ ಇದಕ್ಕಿಂತ ಹತ್ತಿರದ ದಾರಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರ. ಊರಿನ ಕಲ್ಯಾಣ ಮಂಟಪದಲ್ಲೋ ದೇವಸ್ಥಾನದ ಸಭಾಭವನದಲ್ಲೋ ಎಂಟು ದಿನ ಉಳಿಸಿಕೊಂಡು ಶಿಬಿರ ನಡೆಸುತ್ತಾರೆ. ಮನೆಯವರನ್ನೂ ಕರೆಸಿ ಕೂರಿಸುತ್ತಾರೆ. ಶಿಬಿರದ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಆದರೆ ನಿಜವಾದ ಕೆಲಸ ನಡೆಯುವುದು ಆಮೇಲೆ ರಚನೆಯಾಗುವ ನವಜೀವನ ಸಮಿತಿಯಲ್ಲಿ ಎಂಬುದು ನನ್ನ ಅಭಿಪ್ರಾಯ. ಶಿಬಿರ ಮುಗಿಸಿದವರು ಊರಿನಲ್ಲೇ ಆಗಾಗ ಸೇರಿ, ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಗುಂಪು ಅದು. ಶಿಬಿರಕ್ಕೆ ಹೋಗಿ ಸಮಿತಿಗೆ ಹೋಗದಿರುವುದೆಂದರೆ ಸಸಿ ನೆಟ್ಟು ನೀರು ಹಾಕದೆ ಬಿಟ್ಟಂತೆ. ಇದನ್ನು ಸೇರಬೇಕಾದರೆ ನಿಮ್ಮ ಊರಿನ ಸ್ವಸಹಾಯ ಸಂಘಗಳನ್ನು ನೋಡಿಕೊಳ್ಳುವ ಯೋಜನೆಯ ಸೇವಾಪ್ರತಿನಿಧಿಯನ್ನೋ ವಲಯದ ಮೇಲ್ವಿಚಾರಕರನ್ನೋ ಕೇಳಿದರೆ ಮುಂದಿನ ಶಿಬಿರ ಎಲ್ಲಿ, ಹತ್ತಿರದ ಸಮಿತಿ ಯಾವುದು ಎಂದು ಹೇಳುತ್ತಾರೆ. ಹೆಂಡತಿ ಸಂಘದ ಸದಸ್ಯೆಯಾಗಿದ್ದರೆ ಈ ದಾರಿ ಇನ್ನೂ ಸುಲಭ.

ಇವೆರಡರ ನಡುವೆ ಒಂದು ವ್ಯತ್ಯಾಸವನ್ನು ತಿಳಿದುಕೊಂಡಿರುವುದು ಒಳ್ಳೆಯದು. ಎ.ಎ.ಯಲ್ಲಿ ಹೆಸರು ಹೊರಗೆ ಹೋಗಬಾರದೆಂಬುದು ಮೂಲ ನಿಯಮ. ಮದ್ಯವರ್ಜನ ಶಿಬಿರ ನಡೆಯುವುದು ಊರವರ ಕಣ್ಣೆದುರು, ಊರವರ ಬೆಂಬಲದಿಂದ. ಗಾಂಧಿ ಜಯಂತಿಯ ಹೊತ್ತಿನಲ್ಲಿ ಪಾನಮುಕ್ತರ ಸಮಾವೇಶವೂ ನಡೆಯುತ್ತದೆ. ನಾಲ್ಕು ಜನರೆದುರು ಬಿಟ್ಟೆನೆಂದು ಹೇಳಿದರೆ ಮಾತ್ರ ಮಾತಿಗೆ ಕಟ್ಟುಬೀಳುವವರಿಗೆ ಎರಡನೆಯದು ಹೊಂದುತ್ತದೆ. ಶಾಲೆಯ ಮೇಷ್ಟರಿಗೆ, ಬ್ಯಾಂಕಿನವರಿಗೆ, ಮಗಳ ಮದುವೆ ಮಾತುಕತೆ ನಡೆಸುತ್ತಿರುವವರಿಗೆ ಮೊದಲನೆಯದರಲ್ಲಿ ನೆಮ್ಮದಿ ಹೆಚ್ಚು. ಎರಡಕ್ಕೂ ಹೋಗುವವರೂ ಇದ್ದಾರೆ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಹುಡುಕುವುದು, ಆಮೇಲೆ ಖಚಿತಪಡಿಸಿಕೊಳ್ಳುವುದು

ಎ.ಎ.ಯ ಭಾರತದ ಜಾಲತಾಣದಲ್ಲಿ ಊರಿನ ಹೆಸರು ಹಾಕಿ ಗುಂಪುಗಳ ಪಟ್ಟಿ ನೋಡಬಹುದು, ಸಹಾಯವಾಣಿಗೂ ಕರೆ ಮಾಡಬಹುದು. ಆ ಫೋನನ್ನು ಎತ್ತುವವರು ಸಾಮಾನ್ಯವಾಗಿ ಒಂದು ಕಾಲದಲ್ಲಿ ಕುಡಿಯುತ್ತಿದ್ದವರೇ. “ಸರ್, ಕುಡಿತದ ವಿಷಯ ಕೇಳಬೇಕಿತ್ತು” ಎಂದರೆ ಸಾಕು, ಉಳಿದದ್ದನ್ನು ಅವರೇ ಕೇಳಿಕೊಳ್ಳುತ್ತಾರೆ. ಪಟ್ಟಿಯನ್ನು ಮಾತ್ರ ಪೂರ್ತಿ ನಂಬಬೇಡಿ. ನಾವು ಮೊದಲ ಸಲ ಹೋದದ್ದು ಹಳೆಯ ವಿಳಾಸಕ್ಕೆ. ಸಂಜೆ ಏಳಕ್ಕೆ ಮಳೆಯಲ್ಲಿ ನೆನೆದುಕೊಂಡು ಹೋಗಿ ಗೇಟಿನ ಮುಂದೆ ನಿಂತರೆ, ಕಾವಲುಗಾರರು “ಅದು ನಿಂತು ಎರಡು ವರ್ಷ ಆಯ್ತಲ್ಲ” ಎಂದರು. ತಿರುಗಿ ಬರುವ ದಾರಿಯಲ್ಲಿ ನಾಲ್ಕು ಬಾರುಗಳಿದ್ದವು. ಅಂದು ನಮ್ಮವರು ಒಳಗೆ ಹೋಗಲಿಲ್ಲವೆಂಬುದು ನನ್ನ ಜಾಣತನದಿಂದಲ್ಲ, ಆಟೊ ಕೂಡಲೇ ಸಿಕ್ಕಿದ್ದರಿಂದ.

ಆದ್ದರಿಂದ ಹೊರಡುವ ದಿನವೇ ಫೋನ್ ಮಾಡಿ. ಈ ವಾರ ಮೀಟಿಂಗ್ ಇದೆಯೇ, ಹಬ್ಬಕ್ಕೆ ರಜೆಯೇ, ಯಾವ ಗೇಟಿನಿಂದ ಒಳಗೆ ಬರಬೇಕು, ಮೇಲಿನ ಮಹಡಿಯೋ ಕೆಳಗಿನದೋ ಎಂದು ಕೇಳಿ. ಬಹಳಷ್ಟು ಗುಂಪುಗಳು ಚರ್ಚಿನ ಹಿಂದಿನ ಕೋಣೆಯಲ್ಲೋ ಶಾಲೆಯ ತರಗತಿಯಲ್ಲೋ ಸೇರುತ್ತವೆ, ಹೊರಗೆ ದೊಡ್ಡ ಫಲಕ ಇರುವುದಿಲ್ಲ. ಚರ್ಚಿನಲ್ಲಿ ನಡೆಯುತ್ತದೆ ಎಂದ ಮಾತ್ರಕ್ಕೆ ಅದು ಚರ್ಚಿನ ಕಾರ್ಯಕ್ರಮವಲ್ಲ. ಕಡಿಮೆ ಬಾಡಿಗೆಗೆ ಕೋಣೆ ಅಲ್ಲಿ ಸಿಗುತ್ತದೆ, ಅಷ್ಟೆ. ಭಾಷೆಯನ್ನೂ ಕೇಳಿಕೊಳ್ಳಿ. ಬೆಂಗಳೂರಿನಲ್ಲಿ ಒಂದು ಗುಂಪು ಕನ್ನಡದಲ್ಲಿ, ಇನ್ನೊಂದು ತಮಿಳಿನಲ್ಲಿ, ಮತ್ತೊಂದು ಇಂಗ್ಲಿಷಿನಲ್ಲಿ ನಡೆಯುತ್ತದೆ. ಇಂಗ್ಲಿಷ್ ಚೆನ್ನಾಗಿ ಬಂದರೂ ಇದಕ್ಕೆ ತಾಯ್ನುಡಿಯ ಗುಂಪೇ ಮೇಲು ಎಂದು ನನಗೆ ಅನ್ನಿಸಿದೆ, ಏಕೆಂದರೆ ಹೆಂಡತಿಯ ತಾಳಿ ಅಡವಿಟ್ಟ ಕಥೆಯನ್ನು ಕಲಿತ ಭಾಷೆಯಲ್ಲಿ ಹೇಳುವಾಗ ಅದು ಬೇರೆ ಯಾರದೋ ಕಥೆಯಂತೆ ಕೇಳಿಸುತ್ತದೆ.

ಮೀಟಿಂಗ್ ‘ಓಪನ್’ ಅಥವಾ ‘ಕ್ಲೋಸ್ಡ್’ ಎಂಬುದನ್ನು ತಪ್ಪದೆ ಕೇಳಬೇಕು. ಓಪನ್ ಮೀಟಿಂಗಿಗೆ ಮನೆಯವರು, ಸ್ನೇಹಿತರು, ವಿದ್ಯಾರ್ಥಿಗಳು ಯಾರಾದರೂ ಬಂದು ಕೂರಬಹುದು. ಕ್ಲೋಸ್ಡ್ ಮೀಟಿಂಗಿಗೆ ಕುಡಿತ ಬಿಡಬೇಕೆಂದಿರುವವರಿಗೆ ಮಾತ್ರ ಪ್ರವೇಶ. ಒಂಟಿಯಾಗಿ ಹೋಗಲು ಅಳುಕುವವರು ಓಪನ್ ಮೀಟಿಂಗನ್ನು ಆರಿಸಿ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬಹುದು. ಹೆಂಗಸರು ಮಹಿಳೆಯರದೇ ಮೀಟಿಂಗ್ ಇದೆಯೇ ಎಂದು ವಿಚಾರಿಸಬೇಕು. ಹತ್ತಿರದಲ್ಲಿ ಇಲ್ಲದಿದ್ದರೆ, ಗುಂಪಿನ ಮಹಿಳಾ ಸದಸ್ಯರೊಬ್ಬರ ಜೊತೆ ಮೊದಲು ಫೋನಿನಲ್ಲಿ ಮಾತಾಡಿಸಿ ಎಂದು ಸಹಾಯವಾಣಿಯವರನ್ನು ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಇನ್ನು ಹೊತ್ತಿನ ವಿಷಯ, ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಜನ ತಮಗೆ ಬಿಡುವಿರುವ ಹೊತ್ತಿನ ಮೀಟಿಂಗನ್ನು ಆರಿಸಿಕೊಳ್ಳುತ್ತಾರೆ, ಭಾನುವಾರ ಬೆಳಿಗ್ಗೆ ಹತ್ತೂವರೆ ಎಂದರೆ ಎಲ್ಲರಿಗೂ ಅನುಕೂಲ. ನೀವು ಆರಿಸಬೇಕಾದದ್ದು ನೀವು ಕುಡಿಯುತ್ತಿದ್ದ ಹೊತ್ತಿನ ಮೀಟಿಂಗನ್ನು. ಸಂಬಳದ ಶನಿವಾರ ಸಂಜೆ ಕಾಲು ಜಾರುವವರು ಶನಿವಾರ ಸಂಜೆಯ ಗುಂಪನ್ನೇ ಹಿಡಿಯಬೇಕು. ಕಚೇರಿ ಮುಗಿಸಿ ಬಸ್ಸು ಬದಲಿಸುವ ನಿಲ್ದಾಣದಲ್ಲಿ ಎಡವುತ್ತಿದ್ದವರು ಆ ನಿಲ್ದಾಣಕ್ಕೆ ಮುಂಚೆಯೇ ಇಳಿದು ಹೋಗಬಹುದಾದ ಗುಂಪನ್ನು ನೋಡಬೇಕು. ಆರೂವರೆಯಿಂದ ಎಂಟರವರೆಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಎದ್ದು, ಚಹಾ ಕುಡಿದು, ನಾಲ್ಕು ಮಾತಾಡಿ ಬಸ್ಸು ಹಿಡಿದು ಮನೆ ತಲುಪಿದರೆ ಊಟದ ಹೊತ್ತಾಗಿರುತ್ತದೆ. ಹೊಟ್ಟೆ ತುಂಬಿದ ಮೇಲೆ ಕುಡಿಯುವ ಬಯಕೆಯ ಬಿರುಸು ಎಷ್ಟೋ ತಗ್ಗುತ್ತದೆ. ನಮ್ಮವರು ಮೊದಲ ಮೂರು ತಿಂಗಳು ಉಳಿದದ್ದು ಬಹುಶಃ ಈ ಲೆಕ್ಕದಿಂದಲೇ. ಊರಿಗೆ ಹಿಂತಿರುಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನೂ ಇದೇ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಹುಡುಕುವಾಗ ಒಂದು ಎಚ್ಚರಿಕೆ ಬೇಕು. ‘ಡಿ-ಅಡಿಕ್ಷನ್ ಸೆಂಟರ್’ ಎಂಬ ಹೆಸರಿನಲ್ಲಿ ತಿಂಗಳಿಗೆ ಇಷ್ಟು ಸಾವಿರ ಎಂದು ದುಡ್ಡು ತೆಗೆದುಕೊಂಡು ಒಳಗೆ ಇರಿಸಿಕೊಳ್ಳುವ ಜಾಗಗಳು ಬೇರೆ, ಇಲ್ಲಿ ಹೇಳುತ್ತಿರುವ ಗುಂಪುಗಳು ಬೇರೆ. ಅಂಥ ಕೇಂದ್ರಗಳಲ್ಲಿ ಒಳ್ಳೆಯವೂ ಇವೆ. ಆದರೆ ರಾತ್ರಿ ಗಾಡಿ ಕಳುಹಿಸಿ ಎತ್ತಿಕೊಂಡು ಹೋಗುತ್ತೇವೆ ಎನ್ನುವವರು, ಮೂರು ತಿಂಗಳು ಮನೆಯವರು ನೋಡಬಾರದು ಎನ್ನುವವರು, ಹೊಡೆದು ಬುದ್ಧಿ ಕಲಿಸುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಪ್ತಿಯಲ್ಲಿ ಮದ್ಯವ್ಯಸನದ ಸಮಸ್ಯೆಗಳೂ ಬರುತ್ತವೆ; ಸರಪಳಿಯಲ್ಲಿ ಕಟ್ಟಿಹಾಕುವುದನ್ನು ಆ ಕಾಯ್ದೆ ಯಾವ ರೂಪದಲ್ಲಿಯೂ ಒಪ್ಪುವುದಿಲ್ಲ.

ಮೊದಲ ದಿನ ಒಳಗೆ ಏನು ನಡೆಯುತ್ತದೆ

ಹತ್ತು ನಿಮಿಷ ಮುಂಚೆ ಹೋಗಿ. ಕೊನೆಯ ಕ್ಷಣಕ್ಕೆ ಹೋದರೆ ಎಲ್ಲರೂ ತಿರುಗಿ ನೋಡುತ್ತಾರೆಂಬ ನೆಪ ಸಿಕ್ಕಿ ಬಾಗಿಲಿನಿಂದಲೇ ವಾಪಸಾಗುವ ಸಾಧ್ಯತೆ ಹೆಚ್ಚು. ನಾವು ಹೋದಾಗ ಒಳಗಿದ್ದವರು ಇಬ್ಬರೇ. ಒಬ್ಬರು ಕುರ್ಚಿಗಳನ್ನು ಅರ್ಧ ಸುತ್ತಾಗಿ ಜೋಡಿಸುತ್ತಿದ್ದರು, ಇನ್ನೊಬ್ಬರು ಎ.ಎ. ಸದಸ್ಯರು ಒಂದೊಂದಾಗಿ ಅನುಸರಿಸುವ ಸೂತ್ರಗಳಾದ ಹನ್ನೆರಡು ಮೆಟ್ಟಿಲುಗಳನ್ನು ಕನ್ನಡದಲ್ಲಿ ಬರೆದ ಬಟ್ಟೆಯ ಫಲಕವನ್ನು ಮೊಳೆಗೆ ನೇತುಹಾಕುತ್ತಿದ್ದರು. ಒಂದು ಮೂಲೆ ಪದೇ ಪದೇ ಕಳಚಿ ಬೀಳುತ್ತಿತ್ತು. ಅವರು ನಮ್ಮ ಹೆಸರು, ಜಾತಿ, ಊರು, ಕೆಲಸ ಏನನ್ನೂ ಕೇಳಲಿಲ್ಲ. “ಆ ಕಡೆ ತುದಿ ಸ್ವಲ್ಪ ಹಿಡೀರಿ ಸರ್” ಎಂದರು. ನಮ್ಮವರು ಎರಡೂ ಕೈಯಲ್ಲಿ ಹಿಡಿದರು. ಕೈ ನಡುಗುತ್ತಿತ್ತು, ಬಟ್ಟೆಯೂ ಅದರ ಜೊತೆ ನಡುಗಿತು. ನೋಡಿದವರು ಏನೂ ಹೇಳದೆ ಮೊಳೆ ಸರಿಮಾಡಿ, “ನಂದು ನಿಲ್ಲೋಕೆ ಒಂಬತ್ತು ದಿನ ಹಿಡೀತು” ಎಂದರು.

ಮೀಟಿಂಗ್ ಒಂದರಿಂದ ಒಂದೂವರೆ ಗಂಟೆ ನಡೆಯುತ್ತದೆ. ಆ ದಿನ ನಡೆಸಿಕೊಡುವ ಸದಸ್ಯರು ಆರಂಭದ ಪಾಠವನ್ನು ಓದುತ್ತಾರೆ, ಒಂದು ನಿಮಿಷದ ಮೌನವೂ ಚಿಕ್ಕ ಪ್ರಾರ್ಥನೆಯೂ ಇರುತ್ತದೆ. ಬದಲಾಯಿಸಲಾಗದ್ದನ್ನು ಒಪ್ಪಿಕೊಳ್ಳುವ ಶಾಂತಿಯನ್ನು, ಬದಲಾಯಿಸಬಹುದಾದದ್ದನ್ನು ಬದಲಾಯಿಸುವ ಧೈರ್ಯವನ್ನು, ಎರಡರ ನಡುವಿನ ವ್ಯತ್ಯಾಸ ತಿಳಿಯುವ ವಿವೇಕವನ್ನು ಬೇಡುವ ಪ್ರಾರ್ಥನೆ ಅದು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿ, ತಾನು ಮದ್ಯವ್ಯಸನಿ ಎಂದು ಹೇಳಿ ಮಾತು ಶುರುಮಾಡುತ್ತಾರೆ. ಇದನ್ನು ಅವರು ‘ಶೇರಿಂಗ್’ ಎನ್ನುತ್ತಾರೆ. ಒಬ್ಬರು ಮಾತಾಡುವಾಗ ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಮುಗಿದ ಮೇಲೆ ಯಾರೂ ತೀರ್ಪು ಕೊಡುವುದಿಲ್ಲ, ನೀನು ಹೀಗೆ ಮಾಡಬೇಕಿತ್ತು ಎಂದು ಹೇಳುವುದಿಲ್ಲ. ನಾಲ್ಕು ಜನ ಸೇರಿದಲ್ಲಿ ಐದು ಉಪದೇಶ ಸಿಗುವ ನಮ್ಮ ನಾಡಿನಲ್ಲಿ ಇದೇ ನನಗೆ ದೊಡ್ಡ ಬೆರಗಾಗಿ ಕಂಡಿತು.

ಮೊದಲ ದಿನ ಮಾತಾಡಲೇಬೇಕೆಂದಿಲ್ಲ. ನಿಮ್ಮ ಸರದಿ ಬಂದಾಗ “ಇವತ್ತು ಕೇಳಲು ಬಂದಿದ್ದೇನೆ” ಎಂದರೆ ಸಾಕು. ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಫೋನನ್ನು ಸದ್ದಿಲ್ಲದಂತೆ ಮಾಡಿ ಜೇಬಿನಲ್ಲಿಡಿ. ಫೋಟೋ ತೆಗೆಯುವುದು, ಧ್ವನಿ ಮುದ್ರಿಸುವುದು ಕೂಡದು. ಅಲ್ಲಿ ಪಕ್ಕದ ಬೀದಿಯವರೋ ನಿಮ್ಮ ಮೇಲಧಿಕಾರಿಯೋ ಕಂಡರೆ ಬೆದರಬೇಡಿ. ಅವರೂ ನಿಮ್ಮ ಕಾರಣಕ್ಕೇ ಬಂದಿದ್ದಾರೆ. ಹೊರಗೆ ಸಿಕ್ಕಾಗ ಎಂದಿನಂತೆ ನಮಸ್ಕಾರ ಹೇಳಿ, ಮೀಟಿಂಗಿನ ಮಾತು ಎತ್ತದಿರಿ. ಕುಡಿದು ಹೋಗಬಹುದೇ ಎಂದು ಹಲವರು ಕೇಳುತ್ತಾರೆ. ಕುಡಿಯದೆ ಹೋಗುವುದೇ ಸರಿ, ಆದರೆ ಅಂದು ಕುಡಿದುಬಿಟ್ಟಿದ್ದರೆ ಹೋಗದಿರುವುದಕ್ಕಿಂತ ಹೋಗಿ ಸುಮ್ಮನೆ ಹಿಂದೆ ಕೂರುವುದು ಮೇಲು. ಗಲಾಟೆ ಮಾಡದವರನ್ನು ಸಾಮಾನ್ಯವಾಗಿ ಹೊರಗೆ ಕಳುಹಿಸುವುದಿಲ್ಲ.

ದೇವರ ಪ್ರಸ್ತಾಪ ಬರುತ್ತದೆ, ಅದರಿಂದ ಕೆಲವರು ಹಿಂದೆ ಸರಿಯುತ್ತಾರೆ. ಹನ್ನೆರಡು ಮೆಟ್ಟಿಲುಗಳಲ್ಲಿ ಹೇಳುವುದು ‘ನಾವು ಅರಿತುಕೊಂಡಂತಹ’ ದೇವರನ್ನು. ಒಬ್ಬರಿಗೆ ಅದು ಮಂಜುನಾಥ, ಇನ್ನೊಬ್ಬರಿಗೆ ಅಲ್ಲಾಹ್, ಮತ್ತೊಬ್ಬರಿಗೆ ಆ ಕೋಣೆಯಲ್ಲಿ ಕುಳಿತ ಜನ. ನಂಬಿಕೆಯಿಲ್ಲದವರು ಆ ಭಾಗದಲ್ಲಿ ಮೌನವಾಗಿದ್ದು ಉಳಿದದ್ದನ್ನು ತೆಗೆದುಕೊಳ್ಳಬಹುದು. ಅದೂ ಒಗ್ಗದಿದ್ದರೆ, ದೇವರ ಮಾತಿಲ್ಲದೆ ಆಲೋಚನೆಯ ಅಭ್ಯಾಸಗಳ ಮೇಲೆ ಕೆಲಸ ಮಾಡುವ ಸ್ಮಾರ್ಟ್ ರಿಕವರಿಯಂಥ ಗುಂಪುಗಳು ಆನ್‌ಲೈನಿನಲ್ಲಿ, ಹೆಚ್ಚಾಗಿ ಇಂಗ್ಲಿಷಿನಲ್ಲಿ, ಇವೆ. ರಾತ್ರಿ ಪಾಳಿಯವರಿಗೂ ಹೊರನಾಡಿನ ಕನ್ನಡಿಗರಿಗೂ ಎ.ಎ.ಯ ಆನ್‌ಲೈನ್ ಮೀಟಿಂಗ್‌ಗಳು ಅನುಕೂಲ. ಅಲ್ಲಿ ಕ್ಯಾಮೆರಾ ಮುಚ್ಚಿಕೊಂಡೂ ಕೂರಬಹುದು. ಆದರೂ ಹತ್ತಿರದಲ್ಲಿ ಕೋಣೆಯೊಂದಿದ್ದರೆ ಆನ್‌ಲೈನನ್ನು ಅದರ ಬದಲಿಗೆ ಬಳಸಬೇಡಿ, ಜೊತೆಗೆ ಬಳಸಿ.

ಮುಗಿದ ಮೇಲೆ ಓಡಿ ಹೋಗಬೇಡಿ. ಚಹಾದ ಹತ್ತು ನಿಮಿಷದಲ್ಲಿಯೇ ಎರಡು ಮೂರು ಜನರ ಫೋನ್ ನಂಬರು ಸಿಗುತ್ತದೆ. ಆ ನಂಬರುಗಳಿಗಾಗಿಯೇ ನೀವು ಬಂದದ್ದು ಎಂದರೂ ತಪ್ಪಿಲ್ಲ.

ಎರಡನೆಯ ಸಲ, ಇಪ್ಪತ್ತನೆಯ ಸಲ

ಮೊದಲ ಮೀಟಿಂಗ್ ಬೇಸರ ತರಿಸಬಹುದು. ಯಾರೋ ಒಬ್ಬರು ಅರ್ಧ ಗಂಟೆ ಹೇಳಿದ್ದನ್ನೇ ಹೇಳಿರಬಹುದು, ನಿಮ್ಮ ವಯಸ್ಸಿನವರು ಒಬ್ಬರೂ ಇಲ್ಲದಿರಬಹುದು. ಒಂದು ಗುಂಪನ್ನು ನೋಡಿ ತೀರ್ಮಾನ ಮಾಡದೆ, ಬೇರೆ ಬೇರೆ ಮೂರು ಗುಂಪುಗಳಿಗೆ ಎರಡೆರಡು ಸಲವಾದರೂ ಹೋಗಿ ನೋಡಿ. ತೊಂಬತ್ತು ದಿನಗಳಲ್ಲಿ ತೊಂಬತ್ತು ಮೀಟಿಂಗ್ ಎಂಬ ಮಾತು ಎ.ಎ.ಯಲ್ಲಿ ಬಳಕೆಯಲ್ಲಿದೆ. ವಾರಕ್ಕೊಂದೇ ಮೀಟಿಂಗ್ ಇರುವ ತಾಲ್ಲೂಕು ಕೇಂದ್ರದಲ್ಲಿ ಇದು ಆಗುವ ಮಾತಲ್ಲ. ಅಲ್ಲಿ ಮೀಟಿಂಗ್ ಇಲ್ಲದ ದಿನಗಳಲ್ಲಿ ಅದೇ ಹೊತ್ತಿಗೆ ಸದಸ್ಯರೊಬ್ಬರಿಗೆ ಫೋನ್ ಮಾಡುವುದನ್ನು ರೂಢಿಸಿಕೊಳ್ಳಬಹುದು.

ಹಿಡಿಸಿದ ಗುಂಪನ್ನು ನಿಮ್ಮದೆಂದು ಮಾಡಿಕೊಂಡು, ಕುರ್ಚಿ ಜೋಡಿಸುವ ಅಥವಾ ಚಹಾದ ಲೋಟ ತೊಳೆಯುವ ಕೆಲಸವೊಂದನ್ನು ಕೇಳಿ ಪಡೆಯಿರಿ. ನೀವು ಹೋಗದಿದ್ದರೆ ಆ ಸಂಜೆ ಚಹಾ ಇಲ್ಲ ಎಂದಾದಾಗ, ಹೋಗಬೇಕೋ ಬೇಡವೋ ಎಂಬ ಚರ್ಚೆಯೇ ಏಳುವುದಿಲ್ಲ. ಕೆಲವು ವಾರಗಳ ನಂತರ, ಬಿಟ್ಟು ವರ್ಷಗಳಾಗಿರುವ, ನಿಮ್ಮ ಮನಸ್ಸಿಗೆ ಒಪ್ಪುವ ಒಬ್ಬರನ್ನು ‘ಸ್ಪಾನ್ಸರ್’, ಅಂದರೆ ಕುಡಿಯದೆ ಉಳಿಯಲು ಜೊತೆಗಿದ್ದು ದಾರಿ ತೋರುವ ಹಳೆಯ ಸದಸ್ಯ, ಆಗಿರೆಂದು ಕೇಳಬಹುದು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಎಂಬುದು ಅಲ್ಲಿನ ರೂಢಿ, ಅದನ್ನು ಮೀರದಿರುವುದೇ ಕ್ಷೇಮ. ಸ್ಪಾನ್ಸರ್ ಎಂದರೆ ಗುರುವೂ ಅಲ್ಲ, ವೈದ್ಯರೂ ಅಲ್ಲ. ಅವರಿಂದ ಸಾಲ ಕೇಳಬೇಡಿ, ಕೇಳಿದರೆ ಕೊಡಬೇಡಿ. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಬಿಟ್ಟುಬಿಡಿ ಎಂದು ಗುಂಪಿನಲ್ಲಿ ಯಾರಾದರೂ ಹೇಳಿದರೆ ಅದು ಅವರ ಸ್ವಂತ ಅಭಿಪ್ರಾಯವೆಂದು ತಿಳಿದು, ಮಾತ್ರೆಯ ವಿಷಯವನ್ನು ಡಾಕ್ಟರರ ಜೊತೆಗೇ ಮಾತಾಡಿ.

ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕು ಕಾಣಿಸಿದಾಗ ಎಚ್ಚರವಾಗಿರಿ ಎಂದು ಗುಂಪಿನಲ್ಲಿ ಹೇಳಿಕೊಡುತ್ತಾರೆ. ನಮ್ಮ ಪಂಚಾಂಗದಿಂದ ಇದಕ್ಕೆ ಇನ್ನಷ್ಟು ಸೇರಿಸಬೇಕಾಗುತ್ತದೆ: ಯುಗಾದಿಯ ಮರುದಿನದ ಹೊಸತೊಡಕು, ಊರ ಮಾರಿಹಬ್ಬ, ಮದುವೆಯ ನಂತರದ ಬೀಗರೂಟ. “ಇವತ್ತೊಂದಿನ ತಗೋ ಭಾವ, ಏನಾಗಲ್ಲ” ಎಂದು ಪ್ರೀತಿಯಿಂದಲೇ ಲೋಟ ಚಾಚುವ ದಿನಗಳಿವು. ಇಂಥ ದಿನದ ಹಿಂದಿನ ಮೀಟಿಂಗಿನಲ್ಲಿಯೇ ಅದನ್ನು ಹೇಳಿಕೊಳ್ಳಿ. ಊಟದ ಮೊದಲ ಪಂಕ್ತಿಗೇ ಕುಳಿತು ಎದ್ದು ಬಂದುಬಿಡುವ, ಹೊರಡುವಾಗ ಗುಂಪಿನ ಒಬ್ಬರಿಗೆ ಕರೆ ಮಾಡುವ ಏರ್ಪಾಡು ಮಾಡಿಕೊಳ್ಳಿ. ಕಾರಣ ಕೇಳಿದವರಿಗೆ “ಮಾತ್ರೆ ತಗೊಳ್ತಾ ಇದ್ದೀನಿ” ಎಂದರೆ ಸಾಕಾಗುತ್ತದೆ.

ಒಮ್ಮೆ ಜಾರಿದರೆ ಗುಂಪಿನವರು ಅದನ್ನು ‘ಸ್ಲಿಪ್’ ಎನ್ನುತ್ತಾರೆ. ನಾಚಿಕೆಯಿಂದ ಹೋಗುವುದನ್ನು ನಿಲ್ಲಿಸುವುದೇ ಜಾರಿದ್ದಕ್ಕಿಂತ ದೊಡ್ಡ ಹಾನಿ. ಮುಂದಿನ ಮೀಟಿಂಗಿಗೆ ಹೋಗಿ “ಶನಿವಾರ ಕುಡಿದೆ, ಇವತ್ತು ಎರಡನೇ ದಿನ” ಎಂದು ಹೇಳಿ ಕುಳಿತುಕೊಳ್ಳಿ. ನಮ್ಮವರು ಹಾಗೆ ಹೇಳಿದ ಸಂಜೆ ಯಾರೂ ತಿರುಗಿಯೂ ನೋಡಲಿಲ್ಲ. ಪಕ್ಕದಲ್ಲಿದ್ದವರು ಬಿಸ್ಕತ್ತಿನ ತಟ್ಟೆಯನ್ನು ಇತ್ತ ಸರಿಸಿದರು. ಜಾರಿದ ಮೇಲೆ ನಾಲ್ಕಾರು ದಿನ ಸತತವಾಗಿ ಕುಡಿದಿದ್ದರೆ ಮಾತ್ರ, ಮತ್ತೆ ನಿಲ್ಲಿಸುವ ಮೊದಲು ಮೇಲೆ ಹೇಳಿದಂತೆ ಡಾಕ್ಟರರನ್ನು ಕಾಣಬೇಕು.

ಮನೆಯವರಿಗೆ

ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಗುಂಪು 1951ರಿಂದ ಇದೆ, ಹದಿಹರೆಯದ ಮಕ್ಕಳಿಗೆ ಅದರದೇ ಶಾಖೆಯಾಗಿ ಅಲಟೀನ್ ಇದೆ. ಕುಡಿಯುವವರು ಬಿಡಲು ಒಪ್ಪದಿದ್ದರೂ ನೀವು ಅಲ್ಲಿಗೆ ಹೋಗಬಹುದು. ಎಷ್ಟೋ ಮನೆಗಳಲ್ಲಿ ಹೆಂಡತಿಯೋ ತಾಯಿಯೋ ಮೊದಲು ಹೋದವರು. ಮೀಟಿಂಗಿನಿಂದ ಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ ಬಾಯಿ ಮೂಸುವುದು, ಅಲ್ಲಿ ಯಾರು ಏನು ಹೇಳಿದರೆಂದು ಬಗೆದು ಕೇಳುವುದು, ಜಗಳದ ನಡುವೆ “ನಿನ್ನ ಮೀಟಿಂಗಿನವರಿಗೆ ಹೇಳ್ತೀನಿ” ಎಂದು ಹೆದರಿಸುವುದು ಬೇಡ. ಆ ಹೊತ್ತಿಗೆ ಊಟ ತಯಾರಿದ್ದರೆ ಅದೇ ದೊಡ್ಡ ಸಹಾಯ.

ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ಪುಡಿ, ಮಾತ್ರೆಗಳ ಜಾಹೀರಾತನ್ನು ನಂಬಬೇಡಿ. ಡೈಸಲ್ಫಿರಾಮ್ ಎಂಬ ಮದ್ದಿದೆ, ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರಿ, ಎದೆಬಡಿತ ಹೆಚ್ಚಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ತಿಳಿದು, ಒಪ್ಪಿ, ಡಾಕ್ಟರರ ನಿಗಾದಲ್ಲಿ ತೆಗೆದುಕೊಳ್ಳುವವರಿಗೆ ಅದು ಔಷಧ. ಕದ್ದು ಹಾಕಿದರೆ ವಿಷ.

ಹತ್ತಿರದಲ್ಲಿ ಯಾವ ಗುಂಪೂ ಇಲ್ಲದಿದ್ದರೆ

ನಲವತ್ತು ಐವತ್ತು ಕಿಲೋಮೀಟರ್ ದೂರದ ಗುಂಪಿಗೆ ತಿಂಗಳಿಗೆರಡು ಸಲ ಹೋಗಿಬರುತ್ತಾ, ನಡುವಿನ ದಿನಗಳನ್ನು ಫೋನಿನಲ್ಲಿ ತುಂಬಿಕೊಳ್ಳುವುದು ಒಂದು ದಾರಿ. ಹಾಗೆ ಹೋಗುವಾಗ ನಿಮ್ಮ ಕಡೆಯವರು ಇನ್ನೊಬ್ಬರು ಸಿಕ್ಕರೆ ನಿಮ್ಮ ಊರಿನಲ್ಲೇ ಗುಂಪು ಶುರುಮಾಡಬಹುದು. ಕುಡಿತ ಬಿಡುವುದಕ್ಕಾಗಿ ಇಬ್ಬರು ಮೂವರು ಸೇರಿದರೂ ಅದು ಎ.ಎ. ಗುಂಪೇ ಎಂಬುದು ಅವರ ಸಂಪ್ರದಾಯ. ಹಳೆಯ ಗುಂಪಿನವರು ಓದುವ ಪಾಠಗಳನ್ನು ಕೊಟ್ಟು, ಮೊದಲ ಕೆಲವು ವಾರ ತಾವೇ ಬಂದು ಕೂರುವುದೂ ಉಂಟು. ಶಾಲೆಯ ಒಂದು ಕೋಣೆಯನ್ನೋ ಸಮುದಾಯ ಭವನವನ್ನೋ ವಾರದ ಒಂದು ಸಂಜೆಗೆ ಕೇಳಿಕೊಂಡು, ದಿನ ಮತ್ತು ಹೊತ್ತನ್ನು ಒಮ್ಮೆ ಗೊತ್ತುಮಾಡಿದ ಮೇಲೆ ಬದಲಿಸಬೇಡಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೂ ತಿಳಿಸಿಡಿ. ಯಾರೂ ಬಾರದ ವಾರಗಳಲ್ಲಿಯೂ ದೀಪ ಹಾಕಿ, ಹೇಳಿದ ಹೊತ್ತು ಮುಗಿಯುವವರೆಗೆ ಬಾಗಿಲು ತೆರೆದಿಟ್ಟುಕೊಂಡು ಕೂರಬೇಕಾಗುತ್ತದೆ, ಏಕೆಂದರೆ ನಂಬರು ಬರೆದುಕೊಂಡು ಹೋದವರು ಯಾವ ವಾರ ಬಸ್ಸು ಹತ್ತುತ್ತಾರೆಂದು ಮುಂಚಿತವಾಗಿ ಹೇಳಿ ಬರುವುದಿಲ್ಲ.